‘ಇವಿಕ್ಟ್’ ಎಂದರೆ ತಳ್ಳುವುದೋ, ಗೆಲ್ಲುವುದೋ?

ಮೂರನೇ ಮಹಡಿ
ಪಕ್ಕದ ಮನೆಯವರಿಗೆ ಮಾಲೀಕರ ವಕೀಲರಿಂದ ನೋಟಿಸ್ ಬಂದಿದೆ. ಇಂಗ್ಲಿಷಿನಲ್ಲಿದೆ ಎಂದು ನನ್ನ ಹತ್ತಿರ ತಂದು ಓದಿಸಿಕೊಂಡರು. ಸಾಲು ಬಿಟ್ಟು ಸಾಲಿಗೆ ‘ಇವಿಕ್ಟ್’, ‘ಇವಿಕ್ಷನ್’. ಎಂಟನೇ ತರಗತಿಯಲ್ಲಿರುವ ಅವರ ಮಗಳು, "ಬಿಗ್ ಬಾಸ್‌ನಲ್ಲಿ ಹೇಳುತ್ತಾರಲ್ಲ, ಅದೇ ಪದ ಅಲ್ಲವೇ ಅಂಕಲ್?" ಎಂದು ಕೇಳಿದಳು. ಹೌದು, ಅದೇ. ಅಲ್ಲಿ ಚಪ್ಪಾಳೆ ತಟ್ಟಿ ಕಳುಹಿಸುತ್ತಾರೆ, ಇಲ್ಲಿ ಹದಿನೈದು ದಿನದ ಗಡುವು.

ನಿಘಂಟು ನೋಡಿದರೆ ಅದರ ಬೇರು ‘ಗೆಲ್ಲು’ ಎಂಬ ಲ್ಯಾಟಿನ್ ಕ್ರಿಯಾಪದ ಎಂದಿದೆ. ವಿಕ್ಟರಿಗೆ ಹತ್ತಿರದ ನೆಂಟ. ಮನೆಯಿಂದ ಹೊರಹಾಕುವುದಕ್ಕೂ ಗೆಲುವಿಗೂ ಎಲ್ಲಿಂದೆಲ್ಲಿಯ ಸಂಬಂಧ? ಎಕ್ಸ್‌ಪೆಲ್, ಇಜೆಕ್ಟ್, ಔಸ್ಟ್ ಎಲ್ಲವೂ ಆಚೆ ಕಳುಹಿಸುವುದೇ ತಾನೇ, ಇಷ್ಟೊಂದು ಯಾಕೆ ಬೇಕಿತ್ತು? ತಿಳಿದವರು ಹೇಳಿ. ಕಾನೂನು ಸಲಹೆ ಬೇಡ, ಅದಕ್ಕೆ ಅವರು ಆಗಲೇ ಒಬ್ಬರನ್ನು ಕಂಡಿದ್ದಾರೆ.

ನಾಲ್ಕನೇ ಬೆಂಚು
ಮಾಲೀಕ ಗೆದ್ದ, ಬಾಡಿಗೆದಾರ ಸೋತ. ಇದರಲ್ಲಿ ಕೇಳುವುದೇನಿದೆ ಸ್ವಾಮಿ?

ಲ್ಯಾಟಿನ್ ಮೇಷ್ಟ್ರು
ನಾಲ್ಕನೇ ಬೆಂಚಿನವರು ತಮಾಷೆಗೆ ಹೇಳಿದ್ದು ಮುಕ್ಕಾಲು ಪಾಲು ಸರಿ. ಲ್ಯಾಟಿನ್ನಿನ ‘ಎವಿಂಕೆರೆ’ ಎಂದರೆ ಪೂರ್ತಿಯಾಗಿ ಗೆಲ್ಲುವುದು. ರೋಮನ್ನರ ನ್ಯಾಯಾಲಯದಲ್ಲಿ ಅದಕ್ಕೆ ಒಂದು ಖಚಿತವಾದ ಅರ್ಥವಿತ್ತು. ನೀವು ಸಂತೆಯಲ್ಲಿ ಒಂದು ಎತ್ತು ಕೊಂಡಿರಿ ಎನ್ನೋಣ. ಆಮೇಲೆ ಮೂರನೆಯವನೊಬ್ಬ ಬಂದು "ಈ ಎತ್ತು ನನ್ನದು, ನಿಮಗೆ ಮಾರಿದವನಿಗೆ ಅದರ ಮೇಲೆ ಹಕ್ಕೇ ಇರಲಿಲ್ಲ" ಎಂದು ದಾವೆ ಹೂಡಿ, ಗೆದ್ದು, ಹೊಡೆದುಕೊಂಡು ಹೋದ. ನಿಮಗೆ ಆದದ್ದು ‘ಎವಿಕ್ಟಿಯೊ’. ಬೆಲೆಬಾಳುವ ವಸ್ತುವನ್ನು ಮಾರುವವನು ಹಾಗೇನಾದರೂ ಆದರೆ ಎರಡು ಪಟ್ಟು ಹಣ ಕೊಡುತ್ತೇನೆಂದು ಮೊದಲೇ ಮಾತು ಕೊಡುವ ರೂಢಿ ಇತ್ತು. ಗಮನಿಸಿ: ಇಲ್ಲಿ ಯಾರನ್ನೂ ಕತ್ತು ಹಿಡಿದು ದೂಡಿಲ್ಲ. ವಸ್ತು ಕೈ ಬದಲಾಯಿಸಿತು, ಅಷ್ಟೇ. ಫ್ರಾನ್ಸಿನ ಕಾನೂನಿನಲ್ಲಿ ಇವತ್ತಿಗೂ ಮಾರಾಟಗಾರ ಕೊಡಬೇಕಾದ ‘ಇವಿಕ್ಷನ್ ವಿರುದ್ಧದ ಖಾತರಿ’ ಎಂದರೆ ಇದೇ.

ಇಂಗ್ಲಿಷಿಗೆ ಈ ಪದ ಬಂದದ್ದು 15ನೇ ಶತಮಾನದಲ್ಲಿ, ಅದೂ ಕೋರ್ಟಿನ ಬಾಗಿಲಿನಿಂದಲೇ. ಮೊದಲು ಹೊಲವನ್ನು ‘ಇವಿಕ್ಟ್’ ಮಾಡುತ್ತಿದ್ದರು, ಅಂದರೆ ತೀರ್ಪು ಪಡೆದು ವಾಪಸ್ ಗೆದ್ದುಕೊಳ್ಳುತ್ತಿದ್ದರು. ಬರಬರುತ್ತ ಕರ್ಮಪದ ಜಾರಿತು. ಹೊಲದ ಜಾಗದಲ್ಲಿ ಹೊಲದಲ್ಲಿ ನಿಂತಿದ್ದ ಮನುಷ್ಯ ಬಂದು ಕುಳಿತ. ಹೊರಹಾಕುವ ಅರ್ಥ ಅಲ್ಲಿಂದ ಮುಂದಿನದು.

ಇದೇ ಬೇರಿನ ಮಕ್ಕಳು: ಕನ್ವಿನ್ಸ್, ಕನ್ವಿಕ್ಟ್, ಇವಿನ್ಸ್, ಇನ್ವಿನ್ಸಿಬಲ್.

ಕರಾವಳಿ ಕಾಫಿ
ಕನ್ವಿನ್ಸ್ ಮಾಡುವುದೂ ಕನ್ವಿಕ್ಟ್ ಮಾಡುವುದೂ ಒಂದೇ ಬೇರಿನದ್ದೇ ಮಾರಾಯರೇ? ನಮ್ಮ ಮನೆಯಲ್ಲಿ ಎರಡೂ ಒಂದೇ ಸಮಯಕ್ಕೆ ನಡೆಯುವುದು ಯಾಕೆಂದು ಈಗ ತಿಳಿಯಿತು.

ಕಪ್ಪು ಕೋಟು
ಮೇಷ್ಟ್ರು ಹೇಳಿದ ಹಳೆಯ ಅರ್ಥ ಕೋರ್ಟಿನಲ್ಲಿ ಸತ್ತಿಲ್ಲ. ಕಕ್ಷಿದಾರರು ಬಂದು ಹೇಳುವುದು "ಮೇಡಂ, ಮನೆ ಖಾಲಿ ಮಾಡಿಸಿಕೊಡಿ" ಎಂದು. ಅವರ ಮನಸ್ಸಿನಲ್ಲಿ ಸಾಮಾನು ಬೀದಿಗೆ ಬೀಳುವ ದೃಶ್ಯವೇ ಇರುತ್ತದೆ. ಆದರೆ ನೋಟಿಸ್ ಕೊಟ್ಟ ಮಾತ್ರಕ್ಕೆ ಯಾರೂ ಹೊರಗೆ ಬೀಳುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆ, 1882ರ 106ನೇ ಕಲಮಿನ ಹದಿನೈದು ದಿನದ ನೋಟಿಸ್ ತಿಂಗಳ ಬಾಡಿಗೆಯ ಒಪ್ಪಂದವನ್ನು ಮುಗಿಸುತ್ತದೆ, ಮನುಷ್ಯನನ್ನು ಎಬ್ಬಿಸುವುದಿಲ್ಲ. ಅದಕ್ಕೆ ದಾವೆ ಬೇಕು, ಡಿಕ್ರಿ ಅಂದರೆ ಕೋರ್ಟಿನ ತೀರ್ಪಿನ ಆದೇಶ ಬೇಕು, ಡಿಕ್ರಿಯಾದ ಮೇಲೆ ಅದನ್ನು ಜಾರಿಗೆ ತರಲು ಅಮಲ್ಜಾರಿ ಅರ್ಜಿ ಬೇಕು.

ಕೊನೆಗೆ ಬರುವವನು ಅಮೀನ, ಕೋರ್ಟಿನ ಆದೇಶ ಜಾರಿ ಮಾಡುವ ನೌಕರ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಬೀಗ ಒಡೆಯುವವನನ್ನು ಹಿಂದೆ ಹಾಕಿಕೊಂಡು ಬಂದಿದ್ದ. ಒಳಗಿದ್ದವರು ತಾವಾಗಿಯೇ ಬಾಗಿಲು ತೆರೆದರು. ಅವನು ವರಾಂಡದಲ್ಲಿ ಸ್ಟೂಲ್ ಹಾಕಿಕೊಂಡು ಪಂಚರ ಎದುರು ಮಹಜರು ಬರೆದ: ಕಬ್ಬಿಣದ ಮಂಚ, ಗ್ಯಾಸ್ ಒಲೆ, ಒಡೆದ ಕನ್ನಡಿಯ ಬೀರು, ದೇವರ ಪಟಗಳು. ಪಟ ಎಷ್ಟೆಂದು ಎಣಿಸಬೇಕೋ ಬೇಡವೋ ಎಂದು ನನ್ನನ್ನೇ ಕೇಳಿದ. ಗೆದ್ದ ಮಾಲೀಕರು ಗೇಟಿನಾಚೆ ಸ್ಕೂಟರ್ ಮೇಲೆ ಕುಳಿತಿದ್ದವರು ಒಳಗೆ ಬರಲೇ ಇಲ್ಲ.

ಹಾಗಾಗಿ ಮೂರನೇ ಮಹಡಿಯವರೇ, ಗೆಲ್ಲುವುದು ಮೊದಲು, ಎಬ್ಬಿಸುವುದು ಆಮೇಲೆ. ಪದದ ಇತಿಹಾಸವೂ ಅದೇ ಕ್ರಮದಲ್ಲಿದೆ.

ನಾಲ್ಕನೇ ಬೆಂಚು
ಕಾನೂನು ಸಲಹೆ ಬೇಡ ಎಂದಿದ್ದರು.

ಕಪ್ಪು ಕೋಟು
ಶುಲ್ಕ ಕೇಳಿಲ್ಲವಲ್ಲ.

ರಾಜಾಜಿನಗರ ಟೈಪಿಸ್ಟ್
ಹನ್ನೊಂದು ತಿಂಗಳ ಕರಾರು ಯಾಕೆ ಮಾಡಿಸುತ್ತಾರೆ ಎಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ಅದಕ್ಕೆ. ವಿಷಯಕ್ಕೆ ಸಂಬಂಧವಿಲ್ಲ, ಬಾಯಿಗೆ ಬಂತು, ಹೇಳಿದೆ.

ಎಲ್ಲ ಬಲ್ಲವ
ಇಂಗ್ಲಿಷಿನಲ್ಲಿ ಕೆಲಸದಿಂದ ತೆಗೆಯುವುದಕ್ಕೆ ‘ಫೈರ್’ ಎನ್ನುತ್ತಾರಲ್ಲ, ಅದರ ಕಥೆ ಇದಕ್ಕಿಂತ ಚೆನ್ನಾಗಿದೆ. ಹಿಂದೆ ಸ್ಕಾಟ್ಲೆಂಡಿನ ಕುಲಗಳಲ್ಲಿ ಯಾರಾದರೂ ಬೇಡವಾದರೆ ಕೊಲ್ಲುವುದು ಬೇಡವೆಂದು ಅವರ ಗುಡಿಸಿಲಿಗೆ ಬೆಂಕಿ ಹಚ್ಚುತ್ತಿದ್ದರಂತೆ. ಅದರಿಂದ ‘ಫೈರ್’ ಆಯಿತು. ವಾಟ್ಸ್‌ಆಪ್‌ನಲ್ಲಿ ಬಂದಿತ್ತು.

ಲ್ಯಾಟಿನ್ ಮೇಷ್ಟ್ರು
ಇದು ಕಟ್ಟುಕಥೆ. ‘ಫೈರ್’ ಈ ಅರ್ಥದಲ್ಲಿ ಹುಟ್ಟಿದ್ದು ಅಮೆರಿಕದಲ್ಲಿ, 1880ರ ದಶಕದ ಸುಮಾರಿಗೆ. ‘ಡಿಸ್ಚಾರ್ಜ್’ ಎಂದರೆ ಬಿಡುಗಡೆ ಮಾಡುವುದೂ ಹೌದು, ಬಂದೂಕು ಹಾರಿಸುವುದೂ ಹೌದು. ಅದೇ ಶ್ಲೇಷೆಯ ಮೇಲೆ ‘ಫೈರ್’ ಬಂತು. ಬೆಂಕಿಪೆಟ್ಟಿಗೆಗೂ ಅದಕ್ಕೂ ಸಂಬಂಧವಿಲ್ಲ.

ಡಬ್ಲಿನ್ ಕನ್ನಡಿಗ
ಪದದ ಕಥೆ ಸುಳ್ಳು, ಆದರೆ ಬೆಂಕಿ ಸುಳ್ಳಲ್ಲ. ಸ್ಕಾಟ್ಲೆಂಡಿನ ಉತ್ತರದ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲಿ ಕುರಿ ಸಾಕಣೆಗೆ ಜಾಗ ಬೇಕೆಂದು ಒಕ್ಕಲುಗಳನ್ನು ಎಬ್ಬಿಸಿದಾಗ ಮನೆಯ ಸೂರಿನ ತೊಲೆಗಳಿಗೆ ಬೆಂಕಿ ಇಟ್ಟರು. ಮರ ಅಪರೂಪವಾದ ಸೀಮೆ ಅದು. ತೊಲೆ ಉಳಿದರೆ ಜನ ಮತ್ತೆ ಮನೆ ಕಟ್ಟಿಕೊಂಡಾರು ಎಂಬ ಲೆಕ್ಕಾಚಾರ. ಅದರ ಮೇಲ್ವಿಚಾರಕನಾಗಿದ್ದ ಪ್ಯಾಟ್ರಿಕ್ ಸೆಲ್ಲರ್‌ನನ್ನು 1816ರಲ್ಲಿ ವಿಚಾರಣೆಗೆ ಒಳಪಡಿಸಿ, ನಿರ್ದೋಷಿ ಎಂದು ಬಿಟ್ಟರು.

ನಾನು ಇರುವ ಈ ಐರ್ಲೆಂಡಿನಲ್ಲಿ ಮಾತ್ರ ‘ಇವಿಕ್ಷನ್’ ಎಂಬುದು ಬರಿಯ ಕಾನೂನಿನ ಪದವಲ್ಲ. ಅದರಿಂದ ಇನ್ನೊಂದು ಪದವೇ ಹುಟ್ಟಿತು. 1880ರ ಸೆಪ್ಟೆಂಬರ್ 19ರಂದು ಎನ್ನಿಸ್ ಪಟ್ಟಣದಲ್ಲಿ ಐರಿಶ್ ರೈತ ಚಳವಳಿಯ ನಾಯಕ ಪಾರ್ನೆಲ್ ಭಾಷಣ ಮಾಡುತ್ತ, ಒಬ್ಬ ರೈತನನ್ನು ಎಬ್ಬಿಸಿದ ಹೊಲವನ್ನು ಇನ್ನೊಬ್ಬ ಬಂದು ಗೇಣಿಗೆ ಹಿಡಿದರೆ ಅವನನ್ನು ಏನು ಮಾಡಬೇಕು ಎಂದು ಸಭೆಯನ್ನು ಕೇಳಿದ. ಗುಂಪಿನಿಂದ "ಗುಂಡಿಕ್ಕಿ" ಎಂಬ ಕೂಗು. ಅದಕ್ಕಿಂತ ಒಳ್ಳೆಯ ದಾರಿ ಇದೆ, ಅಂಗಡಿಯಲ್ಲಿ, ಸಂತೆಯಲ್ಲಿ, ಪ್ರಾರ್ಥನೆಯ ಜಾಗದಲ್ಲೂ ಅವನನ್ನು ಮಾತನಾಡಿಸಬೇಡಿ ಎಂದ.

ಅದೇ ಹೊತ್ತಿಗೆ ಮೇಯೊ ಸೀಮೆಯಲ್ಲಿ ಲಾರ್ಡ್ ಎರ್ನ್ ಎಂಬ ಜಮೀನ್ದಾರನ ಏಜೆಂಟ್ ಒಬ್ಬನಿದ್ದ. ಫಸಲು ಕೆಟ್ಟಿದೆ, ಗೇಣಿಯಲ್ಲಿ ನೂರಕ್ಕೆ ಇಪ್ಪತ್ತೈದು ಇಳಿಸಿ ಎಂದು ಒಕ್ಕಲುಗಳು ಕೇಳಿದರು, ಧಣಿ ಹತ್ತು ಎಂದ. ಏಜೆಂಟ್ ಇವಿಕ್ಷನ್ ನೋಟಿಸ್ ಹೊರಡಿಸಿದ. ನೋಟಿಸ್ ಹಿಡಿದು ಬಂದವನಿಗೆ ಹೆಂಗಸರು ಕೆಸರು, ಸಗಣಿ ಎರಚಿ ಓಡಿಸಿದರು. ಆಮೇಲೆ ಏಜೆಂಟನ ಮನೆಗೆ ಆಳು ಇಲ್ಲ, ಬಟ್ಟೆ ಒಗೆಯುವವರಿಲ್ಲ, ಕಮ್ಮಾರ ಇಲ್ಲ. ಬೆಳೆ ಕೊಯ್ಯಲು ದೂರದಿಂದ ಐವತ್ತು ಜನ ಸ್ವಯಂಸೇವಕರನ್ನು ಕರೆಸಿ, ಅವರನ್ನು ಕಾಯಲು ಸೈನ್ಯವನ್ನೇ ನಿಲ್ಲಿಸಬೇಕಾಯಿತು. ಸುಮಾರು 500 ಪೌಂಡಿನ ಬೆಳೆಗೆ ಹತ್ತು ಸಾವಿರ ಪೌಂಡ್ ಖರ್ಚು ಎಂದು ಜನ ಆಡಿಕೊಂಡರು. ಅವನ ಹೆಸರು ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. ಊರಿನ ಪಾದ್ರಿ ಒ’ಮ್ಯಾಲಿ, ‘ಆಸ್ಟ್ರಸೈಸ್’ (ಬಹಿಷ್ಕರಿಸು) ಎಂದರೆ ನಮ್ಮ ರೈತರಿಗೆ ಅರ್ಥವಾಗುವುದಿಲ್ಲ, ‘ಬಾಯ್ಕಾಟ್’ ಎಂದೇ ಕರೆಯೋಣ ಎಂದನಂತೆ.

ಹೊರಹಾಕಲು ಹೋದವನ ಹೆಸರೇ ಹೊರಗಿಡುವ ಪದವಾಯಿತು. ಇದಕ್ಕಿಂತ ಚೆನ್ನಾದ ಸೇಡು ಭಾಷೆಯಲ್ಲಿ ನಾನು ಕಂಡಿಲ್ಲ.

ಕರಾವಳಿ ಕಾಫಿ
ಬಾಯ್ಕಾಟ್ ಎಂಬುದು ಒಬ್ಬ ಮನುಷ್ಯನ ಹೆಸರೇ! ನಾನು ಹುಡುಗರ ಕ್ಷೌರದ ವಿಷಯ ಎಂದುಕೊಂಡಿದ್ದೆ. ಮಗಳು ನಗುತ್ತಿದ್ದಾಳೆ.

ಮಲೆನಾಡಿನ ಮಳೆ
ಡಬ್ಲಿನ್ ಸರ್ ಹೇಳಿದ್ದು ಓದಿ ಸಾಗರ ತಾಲ್ಲೂಕಿನ ಕಾಗೋಡು ನೆನಪಾಯಿತು. ಅಲ್ಲಿಯೂ ಜಗಳ ಹತ್ತಿದ್ದು ಗೇಣಿಯ ಅಳತೆಯಿಂದಲೇ. ಒಡೆಯರು ಗೇಣಿ ಭತ್ತ ಅಳೆಯುವ ಕೊಳಗ ನ್ಯಾಯವಾಗಿ ಇರಬೇಕಾದದ್ದಕ್ಕಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಸರಿಯಾದ ಕೊಳಗ ಬೇಕೆಂದವರಿಗೆ ಉಳುಮೆಗೆ ಹೊಲ ಕೊಡುವುದಿಲ್ಲ ಎಂಬ ಉತ್ತರ ಸಿಕ್ಕಿತು. 1951ರಲ್ಲಿ ಸತ್ಯಾಗ್ರಹವಾಯಿತು, ಗೇಣಿದಾರರು ಗದ್ದೆಗೆ ಇಳಿದು ಜೈಲಿಗೆ ಹೋದರು, ಲೋಹಿಯಾ ಅವರೂ ಬಂದು ಬಂಧನಕ್ಕೆ ಒಳಗಾದರು.

ನಮ್ಮಲ್ಲಿ ಇದಕ್ಕೆ ಪದ ‘ಒಕ್ಕಲೆಬ್ಬಿಸುವುದು’. ಇಂಗ್ಲಿಷಿನ ಪದದಲ್ಲಿ ಕಾಣುವವನು ಗೆದ್ದವನು. ನಮ್ಮ ಪದದಲ್ಲಿ ಕಾಣುವುದು ಒಕ್ಕಲು: ಉಳುವವನು, ಅವನ ಹೆಂಡತಿ ಮಕ್ಕಳು, ದನಕರು. ಅದನ್ನು ‘ಎಬ್ಬಿಸುತ್ತಾರೆ’. ಉಣ್ಣುತ್ತ ಕುಳಿತವರನ್ನು ಎಲೆಯ ಮುಂದಿನಿಂದ ಎಬ್ಬಿಸಿದ ಹಾಗೆ. ಯಾರ ಪಕ್ಷ ವಹಿಸಬೇಕು ಎಂಬುದನ್ನು ಪದವೇ ಹೇಳಿಬಿಡುತ್ತದೆ.

ಕಪ್ಪು ಕೋಟು
ಕನ್ನಡಕ್ಕೆ ಅಷ್ಟು ಬೇಗ ಪದಕ ಕೊಡಬೇಡಿ. ಇವತ್ತಿನ ಸರ್ಕಾರಿ ನೋಟಿಸ್ ನೋಡಿ. ‘ಒಕ್ಕಲೆಬ್ಬಿಸು’ ಎಲ್ಲಿದೆ? ‘ತೆರವು’ ಇದೆ. ಒತ್ತುವರಿ ತೆರವು, ಪಾದಚಾರಿ ಮಾರ್ಗ ತೆರವು, ರಾಜಕಾಲುವೆ ತೆರವು. ಅಲ್ಲಿ ಗೆದ್ದವನೂ ಇಲ್ಲ, ಎದ್ದವನೂ ಇಲ್ಲ. ಜಾಗ ಮಾತ್ರ ಇದೆ, ಅದು ತಾನಾಗಿ ಖಾಲಿಯಾದಂತೆ. ‘ಇವಿಕ್ಟ್’ ಕನಿಷ್ಠ ಒಬ್ಬ ಮನುಷ್ಯನನ್ನಾದರೂ ಕರ್ಮಪದವಾಗಿ ಕೇಳುತ್ತದೆ.

ಮಲೆನಾಡಿನ ಮಳೆ
ಅದು ಕಚೇರಿಯವರು ಆರಿಸಿಕೊಂಡ ಪದ. ಭಾಷೆಯ ತಪ್ಪಲ್ಲ.

ಕಪ್ಪು ಕೋಟು
ಕಚೇರಿಯವರೂ ಕನ್ನಡಿಗರೇ ತಾನೇ?

ಮೂರನೇ ಮಹಡಿ
ಜಗಳ ಆಮೇಲೆ. 1974ರ ಭೂಸುಧಾರಣೆಯ ಹೊತ್ತಿಗೆ ಯಾವ ಪದ ಬಳಸುತ್ತಿದ್ದರು? ನಮ್ಮ ತಾತ ‘ಏಳನೇ ನಂಬರ್ ಫಾರಂ’ ಎಂದು ಯಾವಾಗಲೂ ಹೇಳುತ್ತಿದ್ದರು.

ಮಲೆನಾಡಿನ ಮಳೆ
ಆ ಫಾರಂ ಗೇಣಿದಾರರು ಭೂ ನ್ಯಾಯಮಂಡಳಿಗೆ ಹಾಕುತ್ತಿದ್ದ ಅರ್ಜಿ. ದೇವರಾಜ ಅರಸು ಅವರ ಕಾಲದ ತಿದ್ದುಪಡಿ, 1974ರ ಮಾರ್ಚ್ 1ಕ್ಕೆ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರು ಹಕ್ಕಿಗೆ ಅರ್ಜಿ ಹಾಕಬೇಕಾಯಿತು. ಅದಕ್ಕೂ ಮೊದಲೇ ಒಡೆಯರ ಮಾತಿಗೆ ಅಂಜಿ ಹೊಲ ಬಿಟ್ಟವರು, ಮರ್ಯಾದೆಗೆ ಅರ್ಜಿ ಹಾಕದೇ ಉಳಿದವರು ನಮ್ಮ ಕಡೆ ಇದ್ದರು. ಅವರನ್ನು ಯಾವ ಕಾಗದವೂ ಎಬ್ಬಿಸಲಿಲ್ಲ, ತಾವೇ ಎದ್ದರು.

ಕರಾವಳಿ ಕಾಫಿ
ನಮ್ಮಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಇತ್ತು. ಮೂಲಗೇಣಿಯವರನ್ನು ಸುಲಭಕ್ಕೆ ಅಲುಗಾಡಿಸುವಂತಿಲ್ಲ. ಚಾಲಗೇಣಿಯವರು ಧಣಿಯ ಮುಖ ನೋಡಿಕೊಂಡೇ ಇರಬೇಕು. ತುಳುವಿನಲ್ಲಿ ಗೇಣಿದಾರನಿಗೆ ‘ಒಕ್ಕೆಲ್’ ಎನ್ನುತ್ತೇವೆ.

ಕಿತ್ತಳೆ ತೋಟ
ಕೊಡವರಲ್ಲಿ ‘ಒಕ್ಕ’ ಎಂದರೆ ಇಡೀ ಮನೆತನ. ಗೇಣಿಗೂ ಅದಕ್ಕೂ ಸಂಬಂಧವಿಲ್ಲ.

ಲ್ಯಾಟಿನ್ ಮೇಷ್ಟ್ರು
ತಮಿಳಿನಲ್ಲೂ ‘ಒಕ್ಕಲ್’ ಎಂದರೆ ಬಂಧುಬಳಗ. ಹಾಗಾಗಿ ಒಕ್ಕಲು ಎಂಬುದು ಭತ್ತ ಒಕ್ಕುವುದರಿಂದ ಬಂತು ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು ಕಣ್ಣು ಮುಚ್ಚಿ ನಂಬಬೇಡಿ. ಮನೆ ಒಕ್ಕಲು, ದೇವರ ಒಕ್ಕಲು ಎನ್ನುತ್ತೇವಲ್ಲ, ಅಲ್ಲಿ ಕಣವೂ ಇಲ್ಲ, ಹುಲ್ಲೂ ಇಲ್ಲ.

ಮಲೆನಾಡಿನ ಮಳೆ
ಮೇಷ್ಟ್ರೇ, ಒಕ್ಕಣೆಯ ಕಣದಲ್ಲಿ ನಿಂತವರು ಈ ಮಾತು ಒಪ್ಪುವುದಿಲ್ಲ. ಇದಕ್ಕೆ ಬೇರೆ ಎಳೆ ಬೇಕು.

ಸುದ್ದಿಮನೆ ರಾತ್ರಿಪಾಳಿ
ನಮಗೆ ಇಷ್ಟೆಲ್ಲ ಯೋಚಿಸಲು ಸಮಯವಿಲ್ಲ. ಎರಡು ಕಾಲಂ ತಲೆಬರಹದಲ್ಲಿ ಎಷ್ಟು ಅಕ್ಷರ ಹಿಡಿಸುತ್ತದೆ ಎಂಬುದೇ ನಮ್ಮ ವ್ಯಾಕರಣ. ಮಂತ್ರಿಗೆ ‘ಕೊಕ್’, ಕೋಚ್‌ಗೆ ‘ಗೇಟ್‌ಪಾಸ್’, ತಹಶೀಲ್ದಾರ್ ‘ಎತ್ತಂಗಡಿ’, ನೌಕರ ‘ವಜಾ’, ರೌಡಿ ‘ಗಡಿಪಾರು’, ಶಾಸಕ ‘ಉಚ್ಚಾಟನೆ’. ಇವು ಅದಲುಬದಲಾದರೆ ಬೆಳಿಗ್ಗೆ ಓದುಗರು ಫೋನ್ ಮಾಡುತ್ತಾರೆ. ರೌಡಿಯನ್ನು ಉಚ್ಚಾಟಿಸುವಂತಿಲ್ಲ, ಶಾಸಕರನ್ನು ಗಡಿಪಾರು ಮಾಡುವಂತಿಲ್ಲ, ಎಷ್ಟೇ ಆಸೆಯಿದ್ದರೂ.

ಇದರಲ್ಲಿ ನನಗೆ ಇಷ್ಟವಾದದ್ದು ‘ಉಚ್ಚಾಟನೆ’. ಅದು ಮೂಲದಲ್ಲಿ ಮಾಟಮಂತ್ರದ ಪದ. ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಎಂದು ತಂತ್ರದಲ್ಲಿ ಷಟ್ಕರ್ಮಗಳು. ಶತ್ರುವಿನ ಮನಸ್ಸು ಕೆಡಿಸಿ ಅವನು ಊರು ಬಿಟ್ಟು ಓಡುವಂತೆ ಮಾಡುವುದು ಉಚ್ಚಾಟನ. ರಾಜಕೀಯ ಪಕ್ಷದ ಶಿಸ್ತು ಸಮಿತಿಗೆ ಈ ಪದವನ್ನು ಯಾರು ಅಂಟಿಸಿದರೋ, ಅವರಿಗೆ ಪಕ್ಷಗಳ ಒಳಗುಟ್ಟು ಚೆನ್ನಾಗಿ ಗೊತ್ತಿತ್ತು. ವಶ್ಯದಿಂದ ವಿದ್ವೇಷಣದವರೆಗೆ ಉಳಿದವೂ ಅಲ್ಲಿ ನಡೆಯುತ್ತವೆ.

ನಾಲ್ಕನೇ ಬೆಂಚು
ಮಾರಣವನ್ನು ಚುನಾವಣೆಯಲ್ಲಿ ಮತದಾರರಿಗೆ ಬಿಟ್ಟಿದ್ದಾರೆ.

ಎಲ್ಲ ಬಲ್ಲವ
‘ಕೊಕ್’ ಬಂದದ್ದು ಕೊಕ್ಕೋ ಆಟದಿಂದ. ಇದು ವಾಟ್ಸ್‌ಆಪ್ ಅಲ್ಲ, ನಾನು ಆಡಿದವನು.

ಡಬ್ಲಿನ್ ಕನ್ನಡಿಗ
ಆದರೆ ಆ ಆಟದಲ್ಲಿ ಕೊಕ್ ಸಿಕ್ಕವನು ಮನೆಗೆ ಹೋಗುವುದಿಲ್ಲವಲ್ಲ! ಬೆನ್ನು ಮುಟ್ಟಿ ‘ಕೊಕ್’ ಎಂದರೆ ಅವನು ಎದ್ದು ಓಡಬೇಕು, ಕೊಟ್ಟವನು ಆ ಜಾಗದಲ್ಲಿ ಕೂರುತ್ತಾನೆ. ಕೆಲಸ ಕೊಟ್ಟ ಹಾಗೆ ಆಯಿತೇ ವಿನಾ ಕಿತ್ತುಕೊಂಡ ಹಾಗಲ್ಲ.

ಎಲ್ಲ ಬಲ್ಲವ
ಕುಳಿತ ಜಾಗ ಹೋಯಿತೋ ಇಲ್ಲವೋ? ಅವನ ಕುರ್ಚಿಯಲ್ಲಿ ಇನ್ನೊಬ್ಬ ಕುಳಿತನೋ ಇಲ್ಲವೋ? ಮಂತ್ರಿಮಂಡಲದಲ್ಲಿ ಇದಕ್ಕಿಂತ ಬೇರೆ ಏನು ನಡೆಯುತ್ತದೆ ಹೇಳಿ.

ಡಬ್ಲಿನ್ ಕನ್ನಡಿಗ
ಈ ಒಂದು ಸಲ ಒಪ್ಪಿದೆ.

ಲ್ಯಾಟಿನ್ ಮೇಷ್ಟ್ರು
ಮೂಲ ಪ್ರಶ್ನೆಯ ಉಳಿದ ಭಾಗಕ್ಕೆ ಚುಟುಕಾಗಿ ಹೇಳುತ್ತೇನೆ. ‘ಎಕ್ಸ್‌ಪೆಲ್’ನ ಬೇರು ಹೊಡೆದಟ್ಟುವುದು. ನಾಡಿ ಬಡಿತದ ‘ಪಲ್ಸ್’ ಕೂಡ ಅದೇ ಬೇರಿನದು. ‘ಇಜೆಕ್ಟ್’ ಎಸೆಯುವುದು. ‘ಔಸ್ಟ್’ ಫ್ರೆಂಚ್ ದಾರಿ ಹಿಡಿದು ಬಂದ ಕೋರ್ಟಿನ ಪದ, ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಅಡ್ಡ ನಿಲ್ಲುವುದು. ಅಡ್ಡ ನಿಂತದ್ದು ಹೇಗೆ ತೆಗೆದುಹಾಕಿದ್ದಾಯಿತು ಎಂಬುದು ದೊಡ್ಡ ಕಥೆ. ಬಿಗ್ ಬಾಸ್ ನೋಡುವ ಹುಡುಗಿಗೆ ಹೇಳಬೇಕಾದದ್ದು ‘ಎಲಿಮಿನೇಟ್’: ‘ಲಿಮೆನ್’ ಎಂದರೆ ಹೊಸ್ತಿಲು, ಹೊಸ್ತಿಲಿನಾಚೆ ಹಾಕುವುದೇ ಎಲಿಮಿನೇಟ್. ಆ ಆಟಕ್ಕೆ ಇವಿಕ್ಟ್‌ಗಿಂತ ಅದೇ ಸರಿಯಾದ ಮಾತು, ಯಾಕೆಂದರೆ ಆ ಮನೆಯ ಮೇಲೆ ಒಳಗಿರುವ ಯಾರಿಗೂ ಹಕ್ಕು ಇಲ್ಲ, ಕಿತ್ತುಕೊಳ್ಳುವುದಕ್ಕೆ ಏನೂ ಇಲ್ಲ. ನೆದರ್ಲೆಂಡ್ಸ್‌ನಲ್ಲಿ 1999ರಲ್ಲಿ ಶುರುವಾದ, ಬಿಗ್ ಬಾಸ್‌ಗೆ ಮೂಲವಾದ ‘ಬಿಗ್ ಬ್ರದರ್’ ಕಾರ್ಯಕ್ರಮದ ಇಂಗ್ಲಿಷ್ ರೂಪ ಬಂದ ಮೇಲೆ ಕೋರ್ಟಿನ ಪದ ಸೋಫಾದವರೆಗೆ ಬಂತು.

ಆಫ್‌ಸೈಡ್
‘ರೆಲಿಗೇಟ್’ ಬಿಟ್ಟಿರಿ. ಫುಟ್‌ಬಾಲ್ ಲೀಗಿನಲ್ಲಿ ಕೆಳಗಿನ ದರ್ಜೆಗೆ ಬಿದ್ದ ತಂಡ.

ಲ್ಯಾಟಿನ್ ಮೇಷ್ಟ್ರು
ಅದೂ ರೋಮನ್ ಶಿಕ್ಷೆಯೇ, ಸೌಮ್ಯವಾದದ್ದು. ಕ್ರಿಸ್ತಶಕ 8ರಲ್ಲಿ ಕವಿ ಓವಿಡ್‌ನನ್ನು ಚಕ್ರವರ್ತಿ ಅಗಸ್ಟಸ್ ಕಪ್ಪು ಸಮುದ್ರದ ದಡದ ಟೋಮಿಸ್‌ಗೆ ಅಟ್ಟಿದ. ಇವತ್ತಿನ ರೊಮೇನಿಯದ ಕಾನ್‌ಸ್ಟಾಂಟಾ. ‘ರೆಲೆಗಾಟಿಯೊ’ ಆದ್ದರಿಂದ ಅವನ ಆಸ್ತಿ, ಪೌರತ್ವ ಹೋಗಲಿಲ್ಲ. ಸಾಯುವವರೆಗೆ ಅಲ್ಲಿಂದಲೇ ಗೋಗರೆದು ಪದ್ಯ ಬರೆದ, ವಾಪಸ್ ಕರೆಸಿಕೊಳ್ಳಲಿಲ್ಲ.

ಆಫ್‌ಸೈಡ್
ನಮ್ಮ ತಂಡದ ಅಭಿಮಾನಿಗಳೂ ಅದನ್ನೇ ಮಾಡುತ್ತಿದ್ದಾರೆ.

ಕಪ್ಪು ಕೋಟು
ಇಜೆಕ್ಟ್ ಬಂತಲ್ಲ, ಅದರದ್ದೊಂದು ಹೇಳಿ ಹೊರಡುತ್ತೇನೆ, ಬೆಳಿಗ್ಗೆ ಕೇಸಿದೆ. ಇಂಗ್ಲೆಂಡಿನಲ್ಲಿ ‘ಇಜೆಕ್ಟ್‌ಮೆಂಟ್’ ಎಂಬ ದಾವೆ ಇತ್ತು. ಜಮೀನು ಯಾರದ್ದೆಂದು ತೀರ್ಮಾನಿಸಲು ಅದೇ ಚುರುಕಾದ ದಾರಿ. ಆದರೆ ಅದನ್ನು ಗೇಣಿದಾರ ಮಾತ್ರ ಹೂಡಬಹುದು, ಒಡೆಯ ಹೂಡುವಂತಿಲ್ಲ. ವಕೀಲರು ಸುಮ್ಮನಿರುತ್ತಾರೆಯೇ? ಇಲ್ಲದ ಗೇಣಿದಾರನೊಬ್ಬನನ್ನು ಸೃಷ್ಟಿಸಿ ಜಾನ್ ಡೋ ಎಂದು ಹೆಸರಿಟ್ಟರು. ಅವನನ್ನು ಹೊಲದಿಂದ ಹೊರದೂಡಿದ, ಇಲ್ಲದ ದುಷ್ಟನಿಗೆ ರಿಚರ್ಡ್ ರೋ ಎಂದು ಹೆಸರಿಟ್ಟರು. ಈ ಇಬ್ಬರ ಬೆನ್ನ ಹಿಂದೆ ನಿಂತು ನಿಜವಾದ ಒಡೆಯರು ಹೊಡೆದಾಡುತ್ತಿದ್ದರು. ನ್ಯಾಯಾಧೀಶರಿಗೂ ಗೊತ್ತು, ಎದುರು ವಕೀಲರಿಗೂ ಗೊತ್ತು, ಯಾರೂ ಬಾಯಿ ಬಿಡುವಂತಿಲ್ಲ. 1852ರ ಕಾಯ್ದೆ ಈ ನಾಟಕಕ್ಕೆ ತೆರೆ ಎಳೆಯಿತು.

ಜಾನ್ ಡೋ ಮಾತ್ರ ಉಳಿದುಕೊಂಡ. ಸಿನಿಮಾ ಕದ್ದು ಪ್ರಸಾರ ಮಾಡುವ ಅನಾಮಧೇಯರ ವಿರುದ್ಧ ನಮ್ಮ ಹೈಕೋರ್ಟುಗಳು ಕೊಡುವ ತಡೆಯಾಜ್ಞೆಗೆ ಈಗಲೂ ಅವನದೇ ಹೆಸರು. ಭಾರತದಲ್ಲಿ ಅವನಿಗೆ ‘ಅಶೋಕ್ ಕುಮಾರ್’ ಎಂದು ಮರುನಾಮಕರಣವೂ ಆಗಿದೆ.

ಕರಾವಳಿ ಕಾಫಿ
ನನ್ನ ಭಾವನ ಹೆಸರೂ ಅದೇ. ಬಾಡಿಗೆ ಮನೆ ಹುಡುಕುತ್ತಿದ್ದಾರೆ. ಮಾಲೀಕರಲ್ಲಿ ಯಾರಾದರೂ ವಕೀಲರಿದ್ದರೆ ಹೆಸರು ಕೇಳಿ ಹೆದರಬೇಡಿ ಎಂದು ಹೇಳಿಬಿಡಿ ಮೇಡಂ.